ಹಳೇ ಲೆದರ್ ವ್ಯಾನಿಟಿ ಬ್ಯಾಗು: ಒರೆಸಿದರೆ ಸಾಕೋ, ಕ್ರೀಮ್ ಹಚ್ಚಬೇಕೋ, ಬಣ್ಣವೇ ಬಳಿಯಬೇಕೋ?

ಕೋಲಾರ, ಕೆಜಿಎಫ್ ಕಡೆಯ ಮನೆಗಳ ಬೀರುಗಳಲ್ಲಿ ಹಳೇ ಲೆದರ್ ಬ್ಯಾಗುಗಳು ಬೇಕಾದಷ್ಟಿವೆ. ಚಿನ್ನದ ಗಣಿಯಲ್ಲೋ ಬೆಮೆಲ್‌ನಲ್ಲೋ ದುಡಿದು ನಿವೃತ್ತರಾದವರ ಮನೆಗಳಲ್ಲಿ, ಟೀಚರಾಗಿದ್ದ ಅಮ್ಮಂದಿರ ಟ್ರಂಕುಗಳಲ್ಲಿ, ರಾಬರ್ಟ್‌ಸನ್‌ಪೇಟೆ ಬಿಟ್ಟು ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೋದ ಆಂಗ್ಲೋ ಇಂಡಿಯನ್ ಕುಟುಂಬಗಳು ಅಕ್ಕಪಕ್ಕದವರಿಗೆ ಕೊಟ್ಟುಹೋದ ಸಾಮಾನಿನಲ್ಲಿ ಅವು ಸುಮ್ಮನೆ ಕೂತಿವೆ. ಈಗ ಮನೆಯ ಹೆಣ್ಣುಮಕ್ಕಳು ಅವನ್ನು ಹೊರಗೆ ತೆಗೆದು ಹೆಗಲಿಗೆ ಹಾಕಿಕೊಳ್ಳತೊಡಗಿದ್ದಾರೆ. ನನಗೆ ಇದಕ್ಕಿಂತ ಸಂತೋಷದ ವಿಷಯ ಇಲ್ಲ. ಆದರೆ ಬ್ಯಾಗು ಕೈಗೆ ಬಂದ ಕೂಡಲೇ ಎಲ್ಲರ ತಲೆಗೂ ಮೊದಲು ಹೊಳೆಯುವುದು ಬಣ್ಣ. ನಾನು ಹೇಳಬೇಕೆಂದಿರುವುದು ಇಷ್ಟೇ: ಬಣ್ಣ ಕೊನೆಯ ಆಯ್ಕೆ. ಒರೆಸಿದ್ದನ್ನು, ಕ್ರೀಮ್ ಹಚ್ಚಿದ್ದನ್ನು ಮುಂದೆ ಸರಿಪಡಿಸಬಹುದು. ತೊಗಲಿನೊಳಗೆ ಇಳಿದ ಬಣ್ಣವನ್ನು ವಾಪಸ್ ತೆಗೆಯಲು ಮನೆಯಲ್ಲಂತೂ ಆಗದು.

ಪಕ್ಕದ ಬೀದಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕಂದು ಬ್ಯಾಗು ತಂದು, "ಅಕ್ಕಾ, ಇದಕ್ಕೊಂದು ಕೋಟು ಕರೀ ಬಣ್ಣ ಹೊಡೆದುಬಿಟ್ರೆ ಹೊಸದರಂಗೆ ಆಗ್ತದಲ್ವಾ?" ಅಂತ ಕೇಳಿದಳು. ಹಳೇ ಬನಿಯನ್ ಬಟ್ಟೆಯ ತುಂಡನ್ನು ನೀರಲ್ಲಿ ಅದ್ದಿ, ಬಿಗಿಯಾಗಿ ಹಿಂಡಿ, ಮುಚ್ಚಳದ ಒಂದು ಮೂಲೆಯನ್ನು ಮೆಲ್ಲಗೆ ಉಜ್ಜಿದೆ. ಬಟ್ಟೆ ಮಸಿ ಹಿಡಿದಂತೆ ಆಯಿತು. ಮೂಲೆಯಲ್ಲಿ ಎರಡು ಬೆರಳಗಲ ಜಾಗ ಮಾತ್ರ ಜೇನುಬಣ್ಣಕ್ಕೆ ತಿರುಗಿ, ತೊಗಲಿನ ಸಣ್ಣ ಸಣ್ಣ ರಂಧ್ರಗಳೂ ಕಾಣಿಸಿದವು. "ಇದು ಕೊಳೆ ಕಣಮ್ಮ, ಬಣ್ಣ ಎಲ್ಲೂ ಹೋಗಿಲ್ಲ" ಅಂದೆ. ಮಂಕಾಗಿ ಕಾಣುವ ಬ್ಯಾಗುಗಳಲ್ಲಿ ಹೆಚ್ಚಿನವು ಹೀಗೆಯೇ. ಅದಕ್ಕೇ ಯಾವ ಬಣ್ಣ ಕೊಳ್ಳಲಿ ಎಂದು ಹುಡುಕುವ ಮೊದಲು ಕೈಲಿರುವುದು ಯಾವ ತೊಗಲು ಅಂತ ತಿಳಿದುಕೊಳ್ಳಬೇಕು.

ಯಾವ ತೊಗಲು?

ಮೊದಲನೆಯದಾಗಿ, ಅದು ಲೆದರ್ರೋ ರೆಕ್ಸಿನ್ನೋ ನೋಡಿ. ಕತ್ತರಿಸಿದ ಅಂಚು ಎಲ್ಲಾದರೂ ಕಾಣುವ ಕಡೆ, ಪಟ್ಟಿಯ ತೂತಿನ ಪಕ್ಕದಲ್ಲೋ ಒಳಜೇಬಿನ ಅಂಚಿನಲ್ಲೋ, ನಾರುನಾರಾಗಿ ಒಂದೇ ಪದರ ಇದ್ದರೆ ತೊಗಲು. ಕೆಳಗೆ ನೇಯ್ದ ಬಟ್ಟೆ, ಮೇಲೆ ಪ್ಲಾಸ್ಟಿಕ್ ಸಿಪ್ಪೆ ಇದ್ದರೆ ರೆಕ್ಸಿನ್. ಹಪ್ಪಳದಂತೆ ಚೂರುಚೂರಾಗಿ ಏಳುತ್ತಿರುವ ರೆಕ್ಸಿನ್ನಿಗೆ ಯಾವ ಕ್ರೀಮೂ ಯಾವ ಬಣ್ಣವೂ ಪ್ರಯೋಜನವಿಲ್ಲ. ಆ ಸಿಪ್ಪೆಯೇ ಗಾಳಿಯ ತೇವಕ್ಕೆ ಒಡೆದು ಹೋಗಿರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ತೊಗಲೇ ಆಗಿದ್ದರೆ ತಳದಲ್ಲೋ ಪಟ್ಟಿಯ ಹಿಂಬದಿಯಲ್ಲೋ ಒಂದು ತೊಟ್ಟು ನೀರು ಬಿಡಿ. ನೀರು ಮುತ್ತಿನಂತೆ ಹಾಗೇ ನಿಂತರೆ ತೊಗಲಿನ ಮೇಲೆ ಬಣ್ಣದ ಪೊರೆ ಇದೆ ಅಂತ ಅರ್ಥ. ಸರ್ಕಾರಿ ಎಂಪೋರಿಯಂಗಳಲ್ಲಿ, 1976ರಲ್ಲಿ ಶುರುವಾದ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್‌ನ ಮಳಿಗೆಗಳಲ್ಲಿ ಕೊಂಡ ನುಣುಪಾದ ಕರೀ ಬ್ಯಾಗುಗಳಲ್ಲಿ ಈ ಪೊರೆ ಸಾಮಾನ್ಯವಾಗಿ ಇರುತ್ತದೆ. ಇವು ಗಟ್ಟಿ ಜೀವ, ಒದ್ದೆ ಬಟ್ಟೆಗೆ ಹೆದರುವುದಿಲ್ಲ. ನೀರು ನಿಧಾನವಾಗಿ ಇಂಗಿ ಜಾಗ ಕಪ್ಪಾದರೆ ಪೊರೆ ಇಲ್ಲದ, ಇಲ್ಲವೇ ತೀರಾ ತೆಳು ಪೊರೆಯ ತೊಗಲು. ಅದಕ್ಕೆ ಹಚ್ಚಿದ್ದೆಲ್ಲ ಒಳಗಿಳಿಯುತ್ತದೆ. ಕೊಳೆಯೂ ಇಳಿಯುತ್ತದೆ, ಎಣ್ಣೆಯೂ ಇಳಿಯುತ್ತದೆ.

ಎರಡನೇ ಬಗೆಯಲ್ಲಿ ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲು ಬಹಳ. ನಮ್ಮ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ದನ ಕಾಯುವವರೂ ಗುರುತಿಸುತ್ತಾರೆ. ಅದರ ತೊಗಟೆ, ಜೊತೆಗೆ ಅಳಲೆಕಾಯಿ, ಇವೆರಡೂ ದಕ್ಷಿಣ ಭಾರತದ ಹಳೇ ಹದಗಾರಿಕೆಯ ಜೀವಾಳ. ಹೀಗೆ ಹದವಾದ ತೊಗಲು 'ಈಸ್ಟ್ ಇಂಡಿಯಾ ಲೆದರ್' ಎಂಬ ಹೆಸರಲ್ಲಿ ಹಡಗು ಹತ್ತಿ ಹೋಗುತ್ತಿತ್ತು. ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದರೆ ಜೋಲಾರಪೇಟೆ ದಾಟಿದ ಮೇಲೆ ಸಿಗುವ ವಾಣಿಯಂಬಾಡಿ, ಆಂಬೂರು ಇಂದಿಗೂ ಹದಗಾರಿಕೆಯ ಊರುಗಳೇ. ಈಗ ಅಲ್ಲೂ ಹೊರಗೂ ಹೆಚ್ಚಾಗಿ ನಡೆಯುವುದು ಕ್ರೋಮ್ ಹದ, ಅಂದರೆ ತೊಗಟೆಯ ರಸದ ಬದಲು ಕ್ರೋಮಿಯಂ ಲವಣದಲ್ಲಿ ಮಾಡುವುದು. 1978ರಲ್ಲಿ ಪುದುಚೇರಿಯಲ್ಲಿ ಶುರುವಾದ ಹೈಡಿಸೈನ್ ಕಂಪನಿಯ ಹಳೇ ಕಂದು ಬ್ಯಾಗುಗಳು ತೊಗಟೆ ಹದದ್ದಕ್ಕೆ ಒಳ್ಳೇ ಉದಾಹರಣೆ. ಇವು ವಯಸ್ಸಾದಂತೆ ಕಪ್ಪೇರಿ ಹೊಳಪು ಪಡೆಯುತ್ತವೆ. ಆ ಹೊಳಪಿನ ಮೇಲೆ ಬಣ್ಣ ಬಳಿಯುವುದು ನನ್ನ ಮಟ್ಟಿಗೆ ಅನ್ಯಾಯ.

ಶಾಂತಿನಿಕೇತನದ ಬ್ಯಾಗುಗಳದ್ದು ಬೇರೆಯೇ ಕಥೆ. ಹೂಬಳ್ಳಿ, ನವಿಲು, ಕಮಲ ಒತ್ತಿ, ಮೇಲೆ ಕೆಂಪು-ಹಳದಿ-ಹಸಿರು ತುಂಬಿದ ಆ ಮೆತ್ತನೆಯ ಮೇಕೆ ತೊಗಲಿನ ಬ್ಯಾಗು ಒಂದು ಕಾಲದಲ್ಲಿ ಟೀಚರುಗಳ ಕೈಯಲ್ಲೆಲ್ಲ ಇರುತ್ತಿತ್ತು. ಆ ಬಣ್ಣಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕೈಯಿಂದಲೇ ತುಂಬಿರುತ್ತಾರೆ. ಸ್ಪಿರಿಟ್ ತಾಗಿದರೆ ಕ್ಷಣದಲ್ಲಿ ಒಂದರೊಳಗೊಂದು ಹರಿದುಬಿಡುತ್ತವೆ, ನೀರಿಗೂ ಜಗ್ಗುತ್ತವೆ. ಇದಕ್ಕೆ ಒಣ ಬ್ರಷ್, ಒಣ ಬಟ್ಟೆ, ಕೊನೆಗೆ ಬಣ್ಣವಿಲ್ಲದ ಕ್ರೀಮಿನ ಒಂದು ತೆಳು ಲೇಪ. ಅಷ್ಟಕ್ಕೇ ನಿಲ್ಲಿಸಿ.

ಸ್ವೇಡ್, ಅಂದರೆ ಮೈಯೆಲ್ಲ ಮಖಮಲ್ಲಿನಂತೆ ನವಿರಾಗಿರುವ ತೊಗಲು ಆದರೆ ಕ್ರೀಮು, ಎಣ್ಣೆ ಹತ್ತಿರವೂ ಬೇಡ. ಮೆತ್ತನೆ ಬ್ರಷ್ ಮತ್ತು ಬಿಳಿ ರಬ್ಬರು ಸಾಕು. ಹಾವಿನ ಚರ್ಮದ ಹಳೇ ಪರ್ಸು ಸಿಕ್ಕಿದರೆ ಚಿಪ್ಪು ಮಲಗಿದ ದಿಕ್ಕಿಗೇ ಒರೆಸಿ, ಮನೆಯಲ್ಲೇ ಇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಮಾರುವ ಯೋಚನೆ ಬೇಡ. ಇನ್ನು ಮುಟ್ಟಿದರೆ ಇಟ್ಟಿಗೆ ಪುಡಿಯಂತೆ ಕೆಂಪಗೆ ಬೆರಳಿಗೆ ಉದುರುವ ತೊಗಲು. ಅದು ಗಾಳಿಯಲ್ಲಿನ ಗಂಧಕದ ಹೊಗೆ ತಾಕಿ ಒಳಗಿಂದ ಕೊಳೆತಿರುತ್ತದೆ, ನೀರು ಬಿದ್ದರೆ ಗಟ್ಟಿಯಾಗಿ ಕಪ್ಪಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ನೆನಪಿಗೆ ಇಟ್ಟುಕೊಳ್ಳಿ, ಬಳಕೆಗೆ ಬಾರದು.

ತೊಳೆಯುವ ದಾರಿಗಳು

ತೊಗಲಿನ ಸ್ವಭಾವ ಸ್ವಲ್ಪ ಹುಳಿ, ಪಿಎಚ್ 3.5ರಿಂದ 5ರ ಆಸುಪಾಸು. ಮೈಸೋಪು, ಬಟ್ಟೆಸೋಪು, ಪಾತ್ರೆ ತಿಕ್ಕುವ ಬಾರು ಇವೆಲ್ಲ ಕ್ಷಾರ, 9ರಿಂದ 10ರ ಮೇಲೆ. ಸೋಡಾಪುಡಿಯೂ ಆ ಕಡೆಯದೇ. ಕ್ಷಾರ ತಾಗಿದ ತೊಗಲು ಉಬ್ಬಿ, ಹದದ ರಸ ಬಿಟ್ಟು, ಒಣಗಿದ ಮೇಲೆ ಬಿರುಸಾಗುತ್ತದೆ. ಹೆಸರಲ್ಲೇ ಲೆದರಿನ ಸಂಬಂಧ ಇರುವ ಸ್ಯಾಡಲ್ ಸೋಪು ಕೂಡ ಕ್ಷಾರವೇ. ಕುದುರೆಯ ಜೀನಿನಂಥ ದಪ್ಪ ತೊಗಲಿಗೆ ಅದು ಸರಿ, ತೆಳುವಾದ ವ್ಯಾನಿಟಿ ಬ್ಯಾಗಿಗೆ ನಾನು ಹಾಕುವುದಿಲ್ಲ. ಪಿಎಚ್ 5.5 ಎಂದು ಸೀಸೆಯ ಮೇಲೆ ಬರೆದಿರುವ ಶಾಂಪೂ ಅಥವಾ ಬಾಡಿ ವಾಶ್ ಇದ್ದರೆ ಅದು ಸಾಕು. ಒಂದು ಬಟ್ಟಲು ನೀರಿಗೆ ನಾಲ್ಕು ತೊಟ್ಟು ಹಾಕಿ ಕಲಕಿ, ಮೇಲೆದ್ದ ನೊರೆಯನ್ನು ಮಾತ್ರ ಬಟ್ಟೆಯಲ್ಲಿ ತೆಗೆದುಕೊಂಡು ಒರೆಸಿ. ಕೆಳಗಿನ ನೀರು ಬ್ಯಾಗಿಗೆ ತಾಗುವುದು ಬೇಡ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಒಂದು ಕಡೆ ಮಾತ್ರ ಒರೆಸಿ ಬಿಟ್ಟರೆ ನೀರಿನ ಗೆರೆ ಉಳಿಯುತ್ತದೆ. ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಭಾಗವನ್ನು ಒಂದೇ ಸಲಕ್ಕೆ ಮುಗಿಸಿ.

ಯಾವ ನೀರು ಎಂಬುದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ. ಬೋರ್‌ವೆಲ್ ನೀರು ಬಿಸಿ ಮಾಡಿದ ಪಾತ್ರೆಯ ತಳದಲ್ಲಿ ಬಿಳೀ ಪದರ ಕಟ್ಟುವುದನ್ನು ದಿನಾ ನೋಡುತ್ತೇವೆ. ಅದೇ ಸುಣ್ಣದಂಶ ಕರೀ ಬ್ಯಾಗಿನ ಮೇಲೆ ಒಣಗಿದರೆ ಬಿಳಿಚಿದ ಕಲೆ. ನೀರಲ್ಲಿ ಕಬ್ಬಿಣದಂಶ ಇದ್ದರೆ ತೊಗಟೆ ಹದದ ತೊಗಲಿನ ಮೇಲೆ ನೀಲಿಗಪ್ಪು ಚುಕ್ಕೆ ಏಳುತ್ತದೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ನಡೆಯುವುದು ಅದೇ ಕ್ರಿಯೆ. ಆದ್ದರಿಂದ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬಳಸಿ. ಇನ್ನೂ ಒಳ್ಳೆಯದು ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಅಂಗಡಿಯಲ್ಲಿ "ಬ್ಯಾಟರಿ ನೀರು" ಅಂತ ಸ್ಪಷ್ಟವಾಗಿ ಕೇಳಿ, ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕೂಡ ಇಟ್ಟಿರುತ್ತಾರೆ.

ಬ್ಯಾಗನ್ನೇ ಪೂರ್ತಿ ಬಕೆಟ್ಟಿನಲ್ಲಿ ಮುಳುಗಿಸಿ ತೊಳೆಯುವ ವಿಧಾನವನ್ನು ಹಲವರು ವೀಡಿಯೊಗಳಲ್ಲಿ ನೋಡಿರುತ್ತೀರಿ. ಅಮೆರಿಕದಲ್ಲಿ ಕೋಚ್ ಎಂಬ ಕಂಪನಿಯ ಹಳೇ ಬ್ಯಾಗುಗಳಿಗೆ ಹೀಗೆ ಮಾಡುತ್ತಾರೆ, ಅಲ್ಲಿ ಅದು ಫಲಿಸುವುದಕ್ಕೆ ಕಾರಣವೂ ಇದೆ. ಆ ಕಾಲದ ಕೋಚ್ ಬ್ಯಾಗುಗಳಲ್ಲಿ ಎಷ್ಟೋ ಲೈನಿಂಗ್ ಇಲ್ಲದವು, ಒಳಗೆ ರಟ್ಟಿಲ್ಲ, ದಪ್ಪ ತೊಗಲು, ಗಟ್ಟಿ ಹಿತ್ತಾಳೆಯ ಬಕಲ್. ನಮ್ಮ ಮನೆಗಳ ಬ್ಯಾಗುಗಳಲ್ಲಿ ಹೆಚ್ಚಿನವಕ್ಕೆ ತಳದಲ್ಲಿ ರಟ್ಟು, ಪಕ್ಕದಲ್ಲಿ ಗೋಂದು, ಒಳಗೆ ಬಣ್ಣ ಬಿಡುವ ಲೈನಿಂಗ್, ಹೊಳಪಿನ ಲೇಪ ಹಾಕಿದ ಕಬ್ಬಿಣದ ಕೊಂಡಿ ಇರುತ್ತವೆ. ಮುಳುಗಿಸಿದರೆ ರಟ್ಟು ಅಂಬಲಿಯಾಗುತ್ತದೆ, ಆಕಾರ ಹೋಗುತ್ತದೆ. ಲೈನಿಂಗೂ ಇಲ್ಲ, ರಟ್ಟೂ ಇಲ್ಲ ಎಂದು ಕೈಹಾಕಿ ಖಾತ್ರಿ ಮಾಡಿಕೊಂಡ ಬ್ಯಾಗಿಗೆ ಮಾತ್ರ ಆ ದಾರಿ. ಅದೂ ಒದ್ದೆ ಬಟ್ಟೆ ಸೋತ ಮೇಲೆ.

ಒಣಗಿಸುವುದು ನೆರಳಲ್ಲಿ. ಒದ್ದೆ ತೊಗಲಿಗೆ ಬಿಸಿ ತಾಗಿದರೆ ನಾರು ಮುದುಡಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹೇರ್ ಡ್ರೈಯರ್, ತಗಡಿನ ಛಾವಣಿ, ಕಾರಿನ ಡಿಕ್ಕಿ ಯಾವುದೂ ಬೇಡ. ಆಕಾರ ನಿಲ್ಲಲು ಒಳಗೆ ಹಳೇ ಹತ್ತಿ ಸೀರೆಯ ತುಂಡು ತುರುಕಿ. ನ್ಯೂಸ್ ಪೇಪರ್ ತುರುಕಿದರೆ ಅದರ ಶಾಯಿ ಒದ್ದೆ ಲೈನಿಂಗಿಗೆ ಹತ್ತುತ್ತದೆ.

ಬೂಷ್ಟು, ಸುಣ್ಣ, ಹಿಡಿಕೆಯ ಜಿಡ್ಡು, ಹಿತ್ತಾಳೆಯ ಹಸಿರು

ಬೂಷ್ಟು ಹಿಡಿದ ಬ್ಯಾಗನ್ನು ಮನೆಯೊಳಗೆ ಕೊಡವಬೇಡಿ, ಆ ಪುಡಿ ಉಳಿದ ಬ್ಯಾಗುಗಳಿಗೂ ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಮಹಡಿಯ ಮೇಲೆ ಒಣ ಬ್ರಷ್ಷಿನಲ್ಲಿ ಉದುರಿಸಿ, ಬೆಳಗಿನ ಎಳೆಬಿಸಿಲಿಗೆ ಅರ್ಧ ಗಂಟೆ ಇಡಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ ಮತ್ತು ನೀರು ಸಮಸಮ ಬೆರೆಸಿ, ಕಾಣದ ಜಾಗದಲ್ಲಿ ಮೊದಲು ನೋಡಿಕೊಂಡು, ಹಿಂಡಿದ ಬಟ್ಟೆಯಲ್ಲಿ ಒರೆಸಿ. ಶಾಂತಿನಿಕೇತನದ ಬ್ಯಾಗಿಗೆ ಇದು ಸಲ್ಲದು. ಮುಗ್ಗಲು ವಾಸನೆಗೆ ಸೋಡಾಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬ್ಯಾಗಿನೊಳಗೆ ವಾರವಿಡೀ ಇಟ್ಟರೆ ಎಳೆದುಕೊಳ್ಳುತ್ತದೆ. ಪುಡಿ ತೊಗಲಿಗೆ ನೇರ ತಾಗದಿರಲಿ. ಸೆಂಟು ಹೊಡೆದು ವಾಸನೆ ಮುಚ್ಚುವುದು ಬೇಡವೇ ಬೇಡ.

ಅಜ್ಜಿಯರ ಬ್ಯಾಗಿನಲ್ಲಿ ಸಿಗುವ ಇನ್ನೊಂದು ಕಲೆ ಎಲೆ ಅಡಿಕೆಯ ಸುಣ್ಣದ್ದು. ಸುಣ್ಣದ ಡಬ್ಬಿ ಸೋರಿದ ಕಡೆ ತೊಗಲು ಬಿಳಿಚಿ ಒರಟಾಗಿರುತ್ತದೆ. ಹದಗಾರರು ಹಸಿ ತೊಗಲಿನ ಕೂದಲು ತೆಗೆಯಲು ಸುಣ್ಣದ ಗುಂಡಿಗೇ ಹಾಕುವುದು, ಅಷ್ಟು ಪ್ರಬಲ ಅದು. ಪುಡಿಯನ್ನು ಒಣಗಿದಂತೆಯೇ ಕೆರೆದು ತೆಗೆಯಿರಿ. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಹತ್ತಿಯಲ್ಲಿ ಒತ್ತಿ, ಬರೀ ನೀರಿನ ಬಟ್ಟೆಯಲ್ಲಿ ಮುಗಿಸಿ. ಸುಣ್ಣ ಇನ್ನೂ ಇದ್ದರೆ ಅದು ಅಲ್ಲಿಗೆ ಅಡಗುತ್ತದೆ. ಬಿರುಸಾದ ಜಾಗ ಮೆತ್ತಗಾಗುವ ಭರವಸೆ ಕೊಡಲಾರೆ.

ಹಿಡಿಕೆ, ಮುಚ್ಚಳದ ಅಂಚು ಕಪ್ಪಾಗಿರುವುದು ಕೈಬೆವರು, ತಲೆಗೆ ಹಚ್ಚಿದ ಎಣ್ಣೆಯಿಂದ. ಒಳಗಿಳಿದ ಎಣ್ಣೆಯನ್ನು ನೀರು ತೆಗೆಯದು. ಕಾರ್ನ್‌ಫ್ಲೋರ್ ಅಥವಾ ಮುಖದ ಪೌಡರ್ ದಪ್ಪಗೆ ಉದುರಿಸಿ ಒಂದು ರಾತ್ರಿ ಬಿಟ್ಟು ಬ್ರಷ್ ಮಾಡಿ, ಬೇಕಿದ್ದರೆ ಮತ್ತೆ ಮಾಡಿ. ಪೂರ್ತಿ ಹೋಗದಿದ್ದರೆ ಬಿಟ್ಟುಬಿಡಿ. ಬಾಲ್‌ಪೆನ್ ಗೀರಿಗೆ ಸ್ಪಿರಿಟ್ ಸುರಿಯುವ ಸಲಹೆ ಎಲ್ಲರೂ ಕೊಡುತ್ತಾರೆ. ಪೊರೆ ಇರುವ ತೊಗಲಿನ ಮೇಲೆ ಕಿವಿಕಡ್ಡಿಯ ತುದಿಯಲ್ಲಿ ಗೀರಿನ ಮೇಲಷ್ಟೇ ಎಳೆದರೆ ಸ್ವಲ್ಪ ಬರುತ್ತದೆ. ಪೊರೆ ಇಲ್ಲದ ತೊಗಲಲ್ಲಿ ಗೀರು ಹೋಗಿ ನೀಲಿ ಮೋಡ ಆಗುತ್ತದೆ.

ಹಿತ್ತಾಳೆ ಗುಂಡಿ, ರಿವೆಟ್ಟುಗಳ ಸುತ್ತ ಮೇಣದಂಥ ಹಸಿರು ಕಟ್ಟಿರುತ್ತದೆ. ತೊಗಲಿನ ಕೊಬ್ಬು ಹಿತ್ತಾಳೆಯ ತಾಮ್ರದ ಜೊತೆ ಸೇರಿ ಆಗುವುದು ಅದು. ನಮ್ಮ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ, ದಯವಿಟ್ಟು ತಡೆಯಿರಿ. ಹುಣಸೆ ರಸ ರಿವೆಟ್ಟಿನ ಸಂದಿನಿಂದ ತೊಗಲಿಗೆ ಇಳಿದರೆ ಸುತ್ತ ಕರೀ ಉಂಗುರ ಉಳಿಯುತ್ತದೆ. ಮರದ ಹಲ್ಲುಕಡ್ಡಿಯಿಂದ ಹಸಿರನ್ನು ಒಣಗಿದಂತೆಯೇ ಕೆದಕಿ ತೆಗೆದು, ಕಿವಿಕಡ್ಡಿಗೆ ಒಂದಿಷ್ಟು ಸ್ಪಿರಿಟ್ ತಾಗಿಸಿ ಲೋಹವನ್ನು ಮಾತ್ರ ಒರೆಸಿ. ಪಾಲಿಶ್ ಬೇಕೇ ಬೇಕು ಅನಿಸಿದರೆ ಲೋಹದ ಸುತ್ತ ಪ್ಲಾಸ್ಟಿಕ್ ಹಾಳೆಗೆ ತೂತು ಮಾಡಿ ತೊಡಿಸಿ ಕೆಲಸ ಮಾಡಿ.

ಕೊಬ್ಬರಿ ಎಣ್ಣೆಯೋ, ಕ್ರೀಮೋ?

ಒರೆಸಿ ಒಣಗಿದ ಮೇಲೆ ತೊಗಲು ಬಾಯಾರಿದಂತೆ ಕಾಣುತ್ತದೆ. ಫೆಬ್ರವರಿಯಿಂದ ಮೇವರೆಗಿನ ನಮ್ಮ ಒಣಹವೆ ಅದಕ್ಕೆ ಇನ್ನಷ್ಟು ಕಾರಣ. ಮನೆಯಲ್ಲಿ ಸುಲಭಕ್ಕೆ ಸಿಗುವುದು ಕೊಬ್ಬರಿ ಎಣ್ಣೆ. ಹಚ್ಚಿದ ದಿನ ಬ್ಯಾಗು ಥಳಥಳ ಅನ್ನುತ್ತದೆ, ನಿಜ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಕೋಲಾರದ ಚಳಿಗೆ ಅದು ಮೇಲೆದ್ದು ಬಿಳೀ ಪುಡಿಯಂತೆ ಕೂತಾಗ ಜನ ಬೂಷ್ಟು ಅಂದುಕೊಳ್ಳುತ್ತಾರೆ. ಜೊತೆಗೆ ಅದು ಒಳಗೆ ಒಂದು ಕಡೆ ನಿಲ್ಲುವುದಿಲ್ಲ, ಇಟ್ಟ ಸೀರೆಗೂ ಹತ್ತುತ್ತದೆ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಳತಾಗಿ ಅಂಟಂಟಾಗಿ ಕಮಟು ಹೊಡೆಯುತ್ತವೆ. ಹೊಂಗೆ ಎಣ್ಣೆಯನ್ನು ಹಳೇ ಹದಗಾರರು ಬಳಸುತ್ತಿದ್ದರು, ಆದರೆ ಅದು ಹದದ ಹಂತದಲ್ಲಿ. ಮನೆಯಲ್ಲಿ ಹಚ್ಚಿದರೆ ಆ ವಾಸನೆಯ ಬ್ಯಾಗು ಹಿಡಿದು ಮದುವೆಗೆ ಹೋಗಲಾಗದು.

ಪೇಟೆಯಲ್ಲಿ ಸಿಗುವವುಗಳಲ್ಲಿ ನೀಟ್ಸ್‌ಫುಟ್ ಎಣ್ಣೆ ದನದ ಕಾಲಿನ ಮೂಳೆಯಿಂದ ತೆಗೆದದ್ದು, ಬಿರುಸಾದ ದಪ್ಪ ಪಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತೊಗಟೆ ಹದದ ತೊಗಲನ್ನು ಒಂದೆರಡು ಛಾಯೆ ಕಪ್ಪು ಮಾಡುತ್ತದೆ ಎಂಬುದು ಗೊತ್ತಿರಲಿ. ಅದು ಏನೆಂದು ತಿಳಿದ ಮೇಲೆ ಮನೆಯಲ್ಲಿ ಕೆಲವರು ಒಪ್ಪದಿರಬಹುದು, ಕೇಳಿಯೇ ಹಚ್ಚಿ. ನನ್ನ ಆಯ್ಕೆ ಬಣ್ಣವಿಲ್ಲದ ಲೆದರ್ ಕ್ರೀಮ್, ಜೇನುಮೇಣ ಸ್ವಲ್ಪ ಇರುವಂಥದ್ದು. ಬ್ಯಾಗಿನ ಒಂದು ಮೈಗೆ ಕಡಲೆಕಾಳಿನಷ್ಟು ಸಾಕು. ಬಟ್ಟೆಗೆ ಹಚ್ಚಿಕೊಂಡು ಸುತ್ತಿಸುತ್ತಿ ತಿಕ್ಕಿ, ಒಂದು ರಾತ್ರಿ ಬಿಟ್ಟು, ಒಣ ಬಟ್ಟೆಯಲ್ಲಿ ಹೊಳಪು ತನ್ನಿ. ವರ್ಷಕ್ಕೆರಡು ಸಲ ಮಾಡಿದರೆ ಬೇಕಾದಷ್ಟಾಯಿತು. ಹೆಚ್ಚು ಹಚ್ಚಿದರೆ ತೊಗಲು ಸಡಿಲವಾಗಿ ಜೋತುಬೀಳುತ್ತದೆ. ಪೊರೆ ಇರುವ ತೊಗಲಿನೊಳಗೆ ಕ್ರೀಮ್ ಅಷ್ಟಾಗಿ ಇಳಿಯುವುದೇ ಇಲ್ಲ, ಅದಕ್ಕೆ ಒರೆಸುವುದೇ ಮುಖ್ಯ ಸೇವೆ.

ಇಲ್ಲಿಗೆ ಬಂದ ಮೇಲೆ ಬ್ಯಾಗನ್ನು ಎರಡು ದಿನ ಎದುರಿಗಿಟ್ಟು ನೋಡಿ. ಇನ್ನೂ ಬಣ್ಣ ಬೇಕು ಅನಿಸುತ್ತದೆಯೇ? ಮೂಲೆಗಳು ಸವೆದು ಬೆಳ್ಳಗಾಗಿವೆ, ಬಿಸಿಲಿಗೆ ಒಂದು ಮೈ ಬಿಳಿಚಿದೆ, ಕಲೆ ಕಣ್ಣಿಗೆ ಹೊಡೆಯುತ್ತದೆ ಎಂದಾದರೆ ಸರಿ, ಮುಂದಕ್ಕೆ ಹೋಗೋಣ.

ಬಣ್ಣದ ನಾಲ್ಕು ಬಗೆ

ಬೂಟಿನ ಡಬ್ಬಿ ಪಾಲಿಶ್ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಅದರಲ್ಲಿರುವುದು ಮೇಣ, ಟರ್ಪೆಂಟೈನಿನಂಥ ದ್ರಾವಕ, ಒಂದಿಷ್ಟು ಬಣ್ಣ. ಬೂಟಿಗೆ ಅದು ಸರಿಯಾದ ವಸ್ತು. ಬೂಟು ಸೀರೆಗೆ ಉಜ್ಜುವುದಿಲ್ಲ, ಬ್ಯಾಗು ದಿನವಿಡೀ ಸೊಂಟಕ್ಕೆ ಉಜ್ಜುತ್ತಿರುತ್ತದೆ. ಬಿಸಿಲಿಗೆ ಮೇಣ ಮೆತ್ತಗಾದರೆ ಕರೀ ಬಣ್ಣ ರೇಷ್ಮೆ ಸೀರೆಯ ನೆರಿಗೆಗೆ ಹತ್ತುತ್ತದೆ. ತಲೆಗೆ ಸ್ಪಂಜು ಇರುವ ಸೀಸೆಯ ದ್ರವ ಪಾಲಿಶ್ ಇನ್ನೂ ಕೆಟ್ಟದ್ದು. ಒಣಗಿ ಗಾಜಿನಂಥ ಪೊರೆ ಕಟ್ಟಿ, ಮಡಿಕೆ ಇರುವ ಕಡೆ ಸೀಳುತ್ತದೆ. ಬ್ಯಾಗಿಗೆ ಇವೆರಡೂ ಬೇಡ.

ಬಣ್ಣದ ಲೆದರ್ ಕ್ರೀಮ್ ಬೇರೆ. ಗಾಜಿನ ಸಣ್ಣ ಡಬ್ಬಿಯಲ್ಲಿ ಬರುತ್ತದೆ, ಮೇಣ ಕಡಿಮೆ, ಬಣ್ಣದ ಅಂಶ ಹೆಚ್ಚು, ಎಣ್ಣೆಯಂಶವೂ ಉಂಟು. ಗೀರು, ಸವೆದ ಮೂಲೆ, ಸ್ವಲ್ಪ ಬಿಳಿಚಿದ ಮೈ ಇವಕ್ಕೆ ಇದೇ ಸಾಕಾಗುತ್ತದೆ. ಬ್ಯಾಗಿನ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನೇ ಕೊಳ್ಳಿ. ಮೊದಲ ಸಲ ಬಣ್ಣದ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಇದನ್ನೇ ಹೇಳುವುದು, ತಪ್ಪಾದರೂ ಬಹುಪಾಲು ಒರೆಸಿ ತೆಗೆಯಬಹುದು. ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ, ಅದು ಇದರ ಕೊರತೆ.

ಇನ್ನು ಸ್ಪಿರಿಟ್ ಡೈ, ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ. ಅಮೆರಿಕದ ಮಿಲ್ವಾಕಿಯಲ್ಲಿ 1895ರಿಂದ ಇರುವ ಫೀಬಿಂಗ್ಸ್ ಕಂಪನಿಯದು ಈ ಬಗೆಯಲ್ಲಿ ಹೆಸರುವಾಸಿ, ಆನ್‌ಲೈನ್‌ನಲ್ಲಿ ತರಿಸಬಹುದು. ಇದು ತೊಗಲಿನ ನಾರಿನೊಳಕ್ಕೇ ಇಳಿಯುತ್ತದೆ, ಮೇಲೆ ಪೊರೆ ಕಟ್ಟುವುದಿಲ್ಲ. ಆದ್ದರಿಂದ ತೊಗಲಿನ ರಂಧ್ರ, ಗೆರೆ ಎಲ್ಲ ಹಾಗೇ ಕಾಣುತ್ತದೆ, ಮಡಿಕೆಯಲ್ಲಿ ಸೀಳುವುದಿಲ್ಲ. ಪೊರೆ ಇಲ್ಲದ, ತೊಗಟೆ ಹದದ ಬ್ಯಾಗಿಗೆ ಬಣ್ಣ ಹಾಕಲೇಬೇಕೆಂದರೆ ಇದು. ಷರತ್ತು ಒಂದೇ, ತಿಳಿಯಿಂದ ಗಾಢಕ್ಕೆ ಮಾತ್ರ ಹೋಗಬಹುದು. ಕಂದಿನಿಂದ ಕಪ್ಪಿಗೆ, ಕೆಂಪಿನಿಂದ ಗಾಢ ಕಂದಿಗೆ. ಕಪ್ಪು ಬ್ಯಾಗನ್ನು ಇದರಿಂದ ಕೆಂಪು ಮಾಡಲಾಗದು. ಕೆಳಗಿನ ಕಲೆಯನ್ನೂ ಇದು ಮುಚ್ಚುವುದಿಲ್ಲ, ಎಣ್ಣೆ ಕಲೆ ಇದ್ದ ಜಾಗ ಬಣ್ಣದ ಕೆಳಗೂ ಗಾಢವಾಗಿಯೇ ತೋರುತ್ತದೆ.

ಇದರ ಕೆಲಸದ ಕ್ರಮ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಾಳಾಗುವುದು ಅವಸರದಲ್ಲಿ. ಹಿಂದಿನ ದಿನವೇ ಬ್ಯಾಗು ಒರೆಸಿ ಒಣಗಿರಲಿ. ಲೋಹದ ಮೇಲೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಹತ್ತಿಗೆ ಅಸಿಟೋನ್ ಸ್ವಲ್ಪ ತಾಗಿಸಿ ಮೈಯನ್ನು ಒಮ್ಮೆ ಹಗುರಾಗಿ ಒರೆಸಿ. ಹಳೇ ಮೇಣ, ಪಾಲಿಶ್ ಬಿಡುವುದರಿಂದ ಬಣ್ಣ ಸಮನಾಗಿ ಇಳಿಯುತ್ತದೆ. ಹತ್ತಿ ಬಣ್ಣ ಹಿಡಿದರೆ ಗಾಬರಿ ಬೇಡ. ಕೆಲಸ ವರಾಂಡದಲ್ಲಿ, ಗಾಳಿಯಾಡುವ ನೆರಳಲ್ಲಿ. ಅಡಿಗೆಮನೆ ಹತ್ತಿರ ಬೇಡ, ಅಸಿಟೋನ್, ಡೈ ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ಫ್ಯಾನಿನ ಕೆಳಗೂ ಬೇಡ, ಹಚ್ಚುತ್ತಿದ್ದಂತೆಯೇ ಒಣಗಿ ಪಟ್ಟೆಪಟ್ಟೆಯಾಗುತ್ತದೆ. ಕೈಗೆ ಗ್ಲೌಸ್ ಕಡ್ಡಾಯ. ಉಗುರಿನ ಸಂದಿಗೆ ಇಳಿದ ಡೈ ವಾರವಾದರೂ ಹೋಗದು. ಮೊದಲು ತಳದಲ್ಲಿ ಒಂದಿಷ್ಟು ಹಚ್ಚಿ ಒಣಗಿದ ಬಣ್ಣ ನೋಡಿ, ಒದ್ದೆಯಲ್ಲಿ ಕಂಡದ್ದೇ ಬೇರೆ, ಒಣಗಿದ್ದೇ ಬೇರೆ. ಉಣ್ಣೆಯ ಕುಚ್ಚಿನಲ್ಲೋ ಮಡಿಸಿದ ಬನಿಯನ್ ಬಟ್ಟೆಯಲ್ಲೋ ಕಡಿಮೆ ತೆಗೆದುಕೊಂಡು ಸುತ್ತಿಸುತ್ತಿ ಹಚ್ಚಿ. ಒಂದು ಭಾಗವನ್ನು ಹೊಲಿಗೆಯವರೆಗೆ ಮುಗಿಸದೆ ಕೈ ಎತ್ತಬೇಡಿ, ಬಾಗಿಲಲ್ಲಿ ಯಾರೇ ಕರೆಯಲಿ. ಒಂದು ದಪ್ಪ ಕೋಟಿಗಿಂತ ಎರಡು ಮೂರು ತೆಳು ಕೋಟು, ನಡುವೆ ಕೆಲವು ಗಂಟೆ ಬಿಡುವು. ಕೊನೆಯ ಕೋಟಿನ ಮೇಲೆ 24 ಗಂಟೆ ಮುಟ್ಟದೆ ಬಿಟ್ಟು, ಬಿಳೀ ಬಟ್ಟೆಯಿಂದ ಉಜ್ಜುತ್ತ ಹೋಗಿ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಉಜ್ಜಬೇಕು. ಸ್ಪಿರಿಟ್ ತೊಗಲಿನ ಎಣ್ಣೆಯಂಶ ಎಳೆದಿರುತ್ತದೆ, ಅದಕ್ಕೆ ಮತ್ತೆ ಕ್ರೀಮ್. ಕೊನೆಗೆ ಅಕ್ರಿಲಿಕ್ ಫಿನಿಶರ್, ಅಂದರೆ ಬಣ್ಣವನ್ನು ಕಾಪಾಡುವ ಮೇಲ್ಲೇಪ, ತೆಳುವಾಗಿ ಎರಡು ಸಲ. ಇದಿಷ್ಟೂ ಆದ ಮೇಲೆ ಒದ್ದೆ ಮಾಡಿದ ಬಿಳೀ ಬಟ್ಟೆಯಲ್ಲಿ ಬ್ಯಾಗಿನ ಹಿಂಬದಿಯನ್ನು ಹತ್ತು ಸಲ ಜೋರಾಗಿ ಉಜ್ಜಿ ನೋಡಿ. ಬಟ್ಟೆ ಬೆಳ್ಳಗಿದ್ದರೆ ಮಾತ್ರ ಒಳ್ಳೇ ಸೀರೆಯ ಪಕ್ಕಕ್ಕೆ ಹೋಗಲಿ.

ನಾಲ್ಕನೆಯದು ಲೆದರಿಗೆಂದೇ ಮಾಡಿದ ಅಕ್ರಿಲಿಕ್ ಬಣ್ಣ. ಏಂಜಲಸ್ ಎಂಬ ಹೆಸರಿನದು ಹೆಚ್ಚು ಪ್ರಚಾರದಲ್ಲಿದೆ. ಇದು ಮೇಲೆ ಹೊಸ ಪೊರೆ ಕಟ್ಟುತ್ತದೆ. ಪೊರೆ ಇರುವ ಬ್ಯಾಗುಗಳಿಗೆ, ಎಂಪೋರಿಯಂನ ಕರೀ ಬ್ಯಾಗಿನ ಸಿಪ್ಪೆ ಎದ್ದ ಮೂಲೆಗಳಿಗೆ ಇದು ಸರಿ. ಗಾಢದಿಂದ ತಿಳಿಗೂ ಹೋಗಬಹುದು, ಕಲೆಯನ್ನೂ ಮುಚ್ಚುತ್ತದೆ. ಪೊರೆ ಇಲ್ಲದ ಚೆಂದದ ತೊಗಲಿಗೆ ಬಳಿದರೆ ತೊಗಲು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಅದಕ್ಕೇ ಅಲ್ಲಿಗೆ ತರಬೇಡಿ. ಬಣ್ಣಕ್ಕೆ ಡಿಸ್ಟಿಲ್ಡ್ ವಾಟರ್ ಸ್ವಲ್ಪ ಸೇರಿಸಿ ಹಾಲಿನಷ್ಟು ತೆಳು ಮಾಡಿ, ಸ್ಪಂಜಿನ ಚೂರಿನಲ್ಲಿ ಎಳೆಯದೆ ಒತ್ತುತ್ತ ಹೋಗಿ. ಒಂದು ಒಣಗಿದ ಮೇಲೆ ಇನ್ನೊಂದು. ಇಡೀ ಬ್ಯಾಗು ಬಳಿಯುವುದಾದರೆ ಬಣ್ಣ ಹೊಂದಿಸಲು ಎದುರು ಮೈ ನೋಡಬೇಡಿ, ಅದು ಬಿಸಿಲಿಗೆ ಮಾಸಿರುತ್ತದೆ. ಮುಚ್ಚಳದ ಕೆಳಗೆ, ಬೆಳಕು ಬೀಳದ ಜಾಗದ ಬಣ್ಣಕ್ಕೆ ಹೊಂದಿಸಿ. ಮೂಲೆಗಳಿಗಷ್ಟೇ ಆದರೆ ಪಕ್ಕದ ಮಾಸಿದ ಬಣ್ಣಕ್ಕೇ ಹೊಂದಿಸಿ. ಗೋಡೆಗೆ ಹಚ್ಚುವ ಸಾಧಾರಣ ಅಕ್ರಿಲಿಕ್ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ.

ಬಿರುಕಿನ ಮಾತು ಬಂತು. ಒಡೆದ ತೊಗಲು ಕೂಡಿಕೊಳ್ಳುವುದಿಲ್ಲ, ಯಾವ ಕ್ರೀಮಿನ ಜಾಹೀರಾತು ಏನೇ ಹೇಳಲಿ. ಚಪ್ಪಟೆ ಮೈಯಲ್ಲಿನ ಸಣ್ಣ ಬಿರುಕಿಗೆ ಲೆದರ್ ಫಿಲ್ಲರ್ ತುಂಬಿ, ನಯವಾದ ಮರಳುಕಾಗದದಲ್ಲಿ ಸಮ ಮಾಡಿ, ಅಕ್ರಿಲಿಕ್ ಬಳಿದರೆ ಕಣ್ಣಿಗೆ ಕಾಣದು. ಮುಚ್ಚಳ ಮಡಚುವ ಗೆರೆಯಲ್ಲಿ ತುಂಬಿದರೆ ಕೆಲವೇ ದಿನದಲ್ಲಿ ಉದುರುತ್ತದೆ.

ಮನೆಯಲ್ಲೋ, ಹೊರಗೆ ಕೊಡುವುದೋ?

ಹೊಲಿಗೆ ಬಿಟ್ಟದ್ದು, ಜಿಪ್ಪಿನ ರನ್ನರ್ ಹೋದದ್ದು, ರಿವೆಟ್ ಕಿತ್ತದ್ದು ಇವನ್ನು ಊರಿನ ಬ್ಯಾಗ್ ರಿಪೇರಿಯವರು, ಚಪ್ಪಲಿ ಹೊಲಿಯುವವರು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡುತ್ತಾರೆ. ಹಳೇ ತೂತುಗಳಲ್ಲೇ ಸೂಜಿ ಹಾಕಿ ಅಂತ ಮಾತ್ರ ಕೇಳಿಕೊಳ್ಳಿ, ಹೊಸ ತೂತು ಬಿದ್ದರೆ ಹಳೇ ತೊಗಲು ಅಂಚೆಚೀಟಿಯ ಹಾಳೆಯಂತೆ ಆ ಗೆರೆಗೇ ಹರಿಯುತ್ತದೆ. ಕೆಲಸ ಮುಗಿಸಿ ಪ್ರೀತಿಯಿಂದ ಒಂದು ಕೈ ಪಾಲಿಶ್ ಹೊಡೆದುಕೊಡುವವರಿದ್ದಾರೆ. "ಅಣ್ಣಾ, ಪಾಲಿಶ್ ಬೇಡ" ಅಂತ ಕೊಡುವಾಗಲೇ ಹೇಳಿ.

ಒಣ ತೊಳೆತಕ್ಕೆ ಬಟ್ಟೆಯ ಡ್ರೈಕ್ಲೀನರ್‌ಗೆ ಕೊಡಬೇಡಿ. ಅವರ ದ್ರಾವಕ ತೊಗಲಿನ ಎಣ್ಣೆಯಂಶವನ್ನೆಲ್ಲ ಎಳೆದುಬಿಡುತ್ತದೆ. ತಿಳಿ ಬಣ್ಣದ ಬ್ಯಾಗಿನ ಇಡೀ ಮೈಗೆ ಬಣ್ಣ, ಹಲವು ಬಣ್ಣದ ತುಂಡುಗಳನ್ನು ಜೋಡಿಸಿದ ಬ್ಯಾಗು, ಮಾರಿದರೆ ಬೆಲೆ ಬರುವ ದೊಡ್ಡ ಹೆಸರಿನ ಬ್ಯಾಗು, ಇವಕ್ಕೆ ಬೆಂಗಳೂರಿನ ಲೆದರ್ ರಿಪೇರಿಯವರೇ ಸರಿ. ಮನೆಯಲ್ಲಿ ಬಣ್ಣ ಬಳಿದ ದೊಡ್ಡ ಹೆಸರಿನ ಬ್ಯಾಗಿನ ಬೆಲೆ ಇಳಿಯುತ್ತದೆ, ಸವೆದಿದ್ದರೂ ಮೂಲ ಬಣ್ಣದಲ್ಲೇ ಇರುವುದನ್ನು ಕೊಳ್ಳುವವರು ಹುಡುಕುತ್ತಾರೆ. ಕೊಡುವ ಮೊದಲು ಮೂರು ವಿಷಯ ಕೇಳಿ: ಬಣ್ಣ ಒಳಗಿಳಿಯುವುದೋ ಮೇಲೆ ಪೊರೆ ಕಟ್ಟುವುದೋ, ಕಾಣದ ಜಾಗದಲ್ಲಿ ಹಚ್ಚಿ ಫೋಟೊ ಕಳಿಸುತ್ತಾರೋ, ಬಣ್ಣ ಬಟ್ಟೆಗೆ ಹತ್ತಿದರೆ ಮತ್ತೆ ಮಾಡಿಕೊಡುತ್ತಾರೋ. ಕೊಡುವ ದಿನ ಎಲ್ಲ ಬದಿಯ ಫೋಟೊ ತೆಗೆದಿಟ್ಟುಕೊಂಡು, ಒಳಜೇಬುಗಳನ್ನು ಒಮ್ಮೆ ಖಾಲಿ ಮಾಡಿ ನೋಡಿ.

ತಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹತ್ತಿ ದಿಂಬಿನ ಚೀಲದಲ್ಲಿ ಹಾಕಿಡಿ. ನುಸಿ ಗುಳಿಗೆ ತೊಗಲಿಗೆ ತಾಗದಂತೆ ದೂರ ಇರಲಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೀರು ತೆರೆದು ಗಾಳಿಯಾಡಿಸಿ. ಪಟ್ಟಿ ಹಿಡಿದು ಮೊಳೆಗೆ ನೇತುಹಾಕಿದರೆ ಪಟ್ಟಿ ಜಗ್ಗುತ್ತದೆ, ಕೂರಿಸಿಡಿ.